ಒಳ್ಳೆ ಹಾಲಿಗೂ ‘ಬೇಡ’ ಅನ್ನುವ ಪ್ರೋಗ್ರಾಂ

ಪ್ರಶ್ನೆ: ಸಾರ್, ನಾನು ಅರಕಲಗೂಡು ಕಡೆಯವಳು. ಹಾಸನದಲ್ಲಿ ಬಿಸಿಎ ಮೊದಲ ವರ್ಷ ಓದುತ್ತಿದ್ದೇನೆ. ಪೈಥಾನ್‌ನಲ್ಲಿ ಇಫ್, ಎಲ್ಸ್ ಪಾಠ ಮುಗಿದ ಮೇಲೆ ನಮ್ಮೂರ ಡೈರಿಯಲ್ಲಿ ಹಾಲು ಹಾಕಿಸಿಕೊಳ್ಳುವುದನ್ನೇ ಒಂದು ಪುಟ್ಟ ಪ್ರೋಗ್ರಾಂ ಮಾಡಿದೆ. ಹಾಲು ಒಡೆದಿದೆಯಾ ಎಂದು ಕೇಳಿದಾಗ ‘ಇಲ್ಲ’ ಎಂದು ಕೊಟ್ಟರೂ ‘ಬೇಡ’ ಅನ್ನುತ್ತದೆ. ಅದರ ಜೊತೆಗೇ ‘ಪೂರ್ತಿ ದರ’ ಅಂತಲೂ ‘ಕಡಿಮೆ ದರ’ ಅಂತಲೂ ಬರುತ್ತದೆ. ಹೊತ್ತು ‘ಮಧ್ಯಾಹ್ನ’ ಎಂದು ಕೊಟ್ಟರೂ ಒಪ್ಪಿಕೊಳ್ಳುತ್ತದೆ. ಎರರ್ ಮಾತ್ರ ಒಂದೂ ಇಲ್ಲ. ಇನ್ನೊಂದು: ‘== ಟ್ರೂ’ ಎಂದು ಬರೆಯಬೇಡ ಅಂತ ನಮ್ಮ ಮೇಡಂ ಹೇಳಿದರು, ಯಾಕೆ ಅಂತ ಗೊತ್ತಾಗಲಿಲ್ಲ. ಪ್ರೋಗ್ರಾಂ ಕೆಳಗಿದೆ.

ಹೊತ್ತು = ಇನ್‌ಪುಟ್("ಹೊತ್ತು? ")
ಫ್ಯಾಟ್ = ಫ್ಲೋಟ್(ಇನ್‌ಪುಟ್("ಫ್ಯಾಟ್? "))
ಘನಾಂಶ = ಫ್ಲೋಟ್(ಇನ್‌ಪುಟ್("ಎಸ್‌ಎನ್‌ಎಫ್? "))
ಒಡೆದಿದೆ = ಬೂಲ್(ಇನ್‌ಪುಟ್("ಹಾಲು ಒಡೆದಿದೆಯಾ? "))

ಇಫ್ ಹೊತ್ತು == "ಬೆಳಿಗ್ಗೆ" ಆರ್ "ಸಂಜೆ":
    ಇಫ್ ಒಡೆದಿದೆ == ಟ್ರೂ:
        ಪ್ರಿಂಟ್("ಬೇಡ")
    ಇಫ್ ಫ್ಯಾಟ್ >= 3.5 ಆ್ಯಂಡ್ ಘನಾಂಶ >= 8.5:
        ಪ್ರಿಂಟ್("ಪೂರ್ತಿ ದರ")
    ಇಫ್ ಫ್ಯಾಟ್ >= 3.0:
        ಪ್ರಿಂಟ್("ಕಡಿಮೆ ದರ")
    ಎಲ್ಸ್:
        ಪ್ರಿಂಟ್("ಬೇಡ")

ಉತ್ತರ: ಎರರ್ ಬರದಿರುವುದಕ್ಕೆ ಕಾರಣವಿದೆ. ನೀವು ಬರೆದ ಒಂದೊಂದು ಸಾಲೂ ಪೈಥಾನ್‌ಗೆ ಅರ್ಥವಾಗುವ ಸಾಲೇ. ನೀವು ಅಂದುಕೊಂಡ ಅರ್ಥ ಮಾತ್ರ ಅದಕ್ಕಿಲ್ಲ. ಇಂಥ ತಪ್ಪುಗಳನ್ನು ಕೆಂಪು ಅಕ್ಷರದಲ್ಲಿ ಯಾರೂ ತೋರಿಸಿಕೊಡುವುದಿಲ್ಲ, ನಾವೇ ಹುಡುಕಬೇಕು.

ನಿಮ್ಮ ಪ್ರೋಗ್ರಾಂನಲ್ಲಿ ಮೂರು ತಪ್ಪುಗಳಿವೆ. ಅದರಲ್ಲಿ ಎರಡರ ಬೇರು ಒಂದೇ: ಕಂಡಿಷನ್ ಎಂದರೆ ಇಫ್‌ನ ಒಂದು ಅಂಗ ಎಂದು ನೀವು ತಿಳಿದಿದ್ದೀರಿ. ಹಾಗಲ್ಲ. ಇಫ್ ಇಲ್ಲದೆಯೂ ಕಂಡಿಷನ್ ಬದುಕುತ್ತದೆ. 3 + 4 ಎಂದು ಬರೆದರೆ ಹೇಗೆ 7 ಎಂಬ ವ್ಯಾಲ್ಯೂ ಸಿಗುತ್ತದೋ, ಫ್ಯಾಟ್ >= 3.5 ಎಂದು ಬರೆದರೆ ಟ್ರೂ ಅಥವಾ ಫಾಲ್ಸ್ ಎಂಬ ವ್ಯಾಲ್ಯೂ ಸಿಗುತ್ತದೆ. ಅದನ್ನು ಒಂದು ಹೆಸರಿನಲ್ಲಿ ಇಟ್ಟುಕೊಳ್ಳಬಹುದು, ಪ್ರಿಂಟ್ ಮಾಡಬಹುದು, ಫಂಕ್ಷನ್‌ನಿಂದ ರಿಟರ್ನ್ ಮಾಡಬಹುದು. ಇಫ್ ಮಾಡುವುದು ಇಷ್ಟೇ: ಎದುರಿಗೆ ಸಿಕ್ಕ ವ್ಯಾಲ್ಯೂ ಟ್ರೂ ಅನ್ನಿಸಿಕೊಳ್ಳುತ್ತದೋ ಇಲ್ಲವೋ ಎಂದು ನೋಡಿ ಒಳಗೆ ಬಿಡುವುದು ಅಥವಾ ಬಿಡದಿರುವುದು. ಆ ವ್ಯಾಲ್ಯೂ ಹೇಗೆ ಬಂತು ಎಂಬುದು ಅದಕ್ಕೆ ಬೇಕಿಲ್ಲ.

ಆದ್ದರಿಂದ ಇಫ್ ಹಟ ಮಾಡಿದಾಗ ಇಫ್ ಅನ್ನು ದಿಟ್ಟಿಸುತ್ತ ಕೂರಬೇಡಿ. ಅದರ ಕಂಡಿಷನ್ ಅನ್ನು ಹೊರಗೆ ತೆಗೆದು, ಹೆಸರಿಟ್ಟು, ಪ್ರಿಂಟ್ ಮಾಡಿ.

(ಮುಂದೆ ಹೋಗುವ ಮೊದಲು ಒಂದು ಮಾತು. ಇಲ್ಲಿ ಇಫ್, ಆರ್, ಟ್ರೂ ಎಲ್ಲವನ್ನೂ ಕನ್ನಡದಲ್ಲಿ ಅಚ್ಚು ಮಾಡಿದೆ. ಟೈಪ್ ಮಾಡುವಾಗ ಪೈಥಾನ್‌ನ ಸ್ವಂತ ಪದಗಳು ಇಂಗ್ಲಿಷ್ ಅಕ್ಷರದಲ್ಲೇ ಇರಬೇಕು, ಟ್ರೂ, ಫಾಲ್ಸ್‌ಗಳ ಮೊದಲ ಅಕ್ಷರ ದೊಡ್ಡದಿರಬೇಕು. ಆದರೆ ಹೊತ್ತು, ಫ್ಯಾಟ್, ಘನಾಂಶ ಎಂಬ ನಿಮ್ಮ ಹೆಸರುಗಳು ಕನ್ನಡದಲ್ಲೇ ಇರಬಹುದು. ಪೈಥಾನ್ 3 ಬಂದಾಗಿನಿಂದ, ಅಂದರೆ 2008ರಿಂದ, ಅದಕ್ಕೆ ಅವಕಾಶವಿದೆ. ‘ಎಸ್‌ಎನ್‌ಎಫ್’ (ಹಾಲಿನಲ್ಲಿ ಕೊಬ್ಬು ಬಿಟ್ಟು ಉಳಿದ ಘನಾಂಶ) ಎಂಬುದನ್ನು ಹೆಸರಾಗಿ ಇಡಲು ಹೋಗದೆ ‘ಘನಾಂಶ’ ಎಂದು ಇಟ್ಟದ್ದು ಒಳ್ಳೆಯದಾಯಿತು. ಒತ್ತಕ್ಷರ ಆಗದಂತೆ ನಡುವೆ ಸೇರಿಸುವ, ಕಣ್ಣಿಗೆ ಕಾಣದ ಗುರುತು ಅದರಲ್ಲಿದೆ. ಹೆಸರಿನೊಳಗೆ ಅದು ಬಂದರೆ ಪೈಥಾನ್ ಒಪ್ಪುವುದಿಲ್ಲ.)

ಮಧ್ಯಾಹ್ನದ ಹಾಲಿನಿಂದ ಶುರು ಮಾಡೋಣ. ಮೇಲೆ ಹೇಳಿದ ಉಪಾಯದಂತೆ ಹೀಗೆ ಬರೆದು ನೋಡಿ:

ಹೊತ್ತು = "ಮಧ್ಯಾಹ್ನ"
ಪ್ರಿಂಟ್(ಹೊತ್ತು == "ಬೆಳಿಗ್ಗೆ" ಆರ್ "ಸಂಜೆ")

ಟ್ರೂ ಅಥವಾ ಫಾಲ್ಸ್ ಬರಬೇಕಿತ್ತಲ್ಲವೇ? ಬರುವುದು ‘ಸಂಜೆ’. ಗುಟ್ಟು ಇಲ್ಲೇ ಬಯಲಾಯಿತು. ‘ಬೆಳಿಗ್ಗೆ ಅಥವಾ ಸಂಜೆ ಆದರೆ’ ಎಂದು ಮಾತಿನಲ್ಲಿ ಹೇಳಿದರೆ ಎರಡಕ್ಕೂ ‘ಹೊತ್ತು’ ಅನ್ವಯಿಸುತ್ತದೆ ಎಂದು ಕೇಳುವವರು ತಾವೇ ಸೇರಿಸಿಕೊಳ್ಳುತ್ತಾರೆ. ಪೈಥಾನ್ ಸೇರಿಸಿಕೊಳ್ಳುವುದಿಲ್ಲ. ಅದು ಆರ್‌ನ ಎಡಬಲಗಳನ್ನು ಎರಡು ಬೇರೆ ಬೇರೆ ಸಂಗತಿಗಳಾಗಿ ನೋಡುತ್ತದೆ. ಎಡಗಡೆ: ಹೊತ್ತು == "ಬೆಳಿಗ್ಗೆ". ಬಲಗಡೆ: ಬರೀ "ಸಂಜೆ". ಎಡಗಡೆಯದು ಫಾಲ್ಸ್ ಆದ ಕಾರಣ ಬಲಗಡೆಯದನ್ನು ಹಾಗೆಯೇ ಎತ್ತಿ ಕೊಟ್ಟಿತು. ಪೈಥಾನ್‌ನ ಆರ್ ಟ್ರೂ, ಫಾಲ್ಸ್‌ಗಳನ್ನೇ ಕೊಡಬೇಕೆಂದಿಲ್ಲ. ಎರಡರಲ್ಲಿ ಒಂದನ್ನು ಕೊಡುತ್ತದೆ, ಅಷ್ಟೆ.

ಹಾಗಾದರೆ ಇಫ್ ‘ಸಂಜೆ’ ಎಂಬ ಪದವನ್ನು ಟ್ರೂ ಎಂದು ಯಾಕೆ ತಿಳಿಯಿತು? ಪೈಥಾನ್‌ನಲ್ಲಿ ಪ್ರತಿಯೊಂದು ವ್ಯಾಲ್ಯೂಗೂ ಟ್ರೂ ಅಥವಾ ಫಾಲ್ಸ್ ಎಂಬ ಒಂದು ಮುಖವಿದೆ. ಸೊನ್ನೆ, 0.0, ಖಾಲಿ ಸ್ಟ್ರಿಂಗ್, ಖಾಲಿ ಲಿಸ್ಟ್, ಖಾಲಿ ಡಿಕ್ಷನರಿ, ನನ್ (‘ಏನೂ ಇಲ್ಲ’ ಎಂದು ಸೂಚಿಸುವ ಪೈಥಾನ್‌ನ ವ್ಯಾಲ್ಯೂ), ಮತ್ತು ಫಾಲ್ಸ್ ತಾನೇ: ಇವೆಲ್ಲ ಫಾಲ್ಸ್ ಕಡೆ. ನೀವು ದಿನಾ ಬಳಸುವ ಉಳಿದದ್ದೆಲ್ಲ ಟ್ರೂ ಕಡೆ. ಒಂದೇ ಒಂದು ಅಕ್ಷರವಿದ್ದರೂ ಆ ಸ್ಟ್ರಿಂಗ್ ಟ್ರೂ. ಒಳಗೆ ಏನು ಬರೆದಿದೆ ಎಂದು ಪೈಥಾನ್ ಓದುವುದೇ ಇಲ್ಲ, ಖಾಲಿಯೋ ತುಂಬಿದೆಯೋ ಎಂದಷ್ಟೇ ನೋಡುತ್ತದೆ.

ನಿಮ್ಮ ಎರಡನೆಯ ತಪ್ಪು, ಎಲ್ಲ ಹಾಲನ್ನೂ ‘ಬೇಡ’ ಅನ್ನಿಸಿದ ತಪ್ಪು, ಇದರ ಮಗ್ಗುಲಲ್ಲೇ ಇದೆ. ಇನ್‌ಪುಟ್ ಯಾವಾಗಲೂ ಸ್ಟ್ರಿಂಗ್ ಕೊಡುತ್ತದೆ. ನೀವು ‘ಇಲ್ಲ’ ಎಂದು ಟೈಪ್ ಮಾಡಿದಿರಿ, ಅದು ಖಾಲಿಯಲ್ಲ, ಆದ್ದರಿಂದ ಬೂಲ್("ಇಲ್ಲ") ಎಂದರೆ ಟ್ರೂ. ಬೂಲ್("0") ಕೂಡ ಟ್ರೂ. ಇನ್ನೂ ತಮಾಷೆ ಎಂದರೆ ಬೂಲ್("ಫಾಲ್ಸ್") ಕೂಡ ಟ್ರೂ! ಏನೂ ಟೈಪ್ ಮಾಡದೆ ಬರೀ ಎಂಟರ್ ಒತ್ತಿದರೆ ಮಾತ್ರ ನಿಮ್ಮ ಹಾಲು ಒಡೆದಿರುವುದಿಲ್ಲ. ಫ್ಲೋಟ್("3.5") ಎಂದರೆ 3.5 ಸಿಗುತ್ತದೆ, ಹಾಗೆಯೇ ಬೂಲ್ ಕೂಡ ಪದವನ್ನು ಓದಿ ಅರ್ಥ ಮಾಡಿಕೊಳ್ಳಬಹುದು ಎಂದು ಊಹಿಸಿದ್ದೀರಿ. ಊಹೆ ಸಹಜವೇ, ಆದರೆ ಬೂಲ್‌ನ ಕೆಲಸ ಅದಲ್ಲ. ನಿಮಗೆ ಬೇಕಿದ್ದದ್ದು ಪರಿವರ್ತನೆಯಲ್ಲ, ಹೋಲಿಕೆ. ಇನ್‌ಪುಟ್ ಕೊಟ್ಟ ಸ್ಟ್ರಿಂಗ್ ಅನ್ನು ಬೂಲ್ ಹಾಕದೆ ‘ಉತ್ತರ’ ಎಂಬ ಹೆಸರಿನಲ್ಲಿ ಇಟ್ಟುಕೊಂಡು ಹೀಗೆ ಬರೆಯಿರಿ:

ಒಡೆದಿದೆ = ಉತ್ತರ == "ಹೌದು"

ಒಂದೇ ಸಾಲಿನಲ್ಲಿ ಒಂದು ಸಮ, ಎರಡು ಸಮ ಎರಡೂ ಇರುವುದು ಮೊದಲು ವಿಚಿತ್ರವಾಗಿ ಕಾಣುತ್ತದೆ. ಬಲದಿಂದ ಓದಿ: ಉತ್ತರ ‘ಹೌದು’ಗೆ ಸಮವೇ ಎಂದು ಕೇಳಿ, ಬಂದ ಟ್ರೂ ಅಥವಾ ಫಾಲ್ಸ್ ಅನ್ನು ‘ಒಡೆದಿದೆ’ಯಲ್ಲಿ ಇಡು. ಇದು ಕೈಗೆ ಹತ್ತಿದರೆ ಅರ್ಧ ಪಾಠ ಮುಗಿದಂತೆ. ಇಫ್ ಬಳಸಿ ನಾಲ್ಕು ಸಾಲಿನಲ್ಲಿ ಟ್ರೂ ಇಡುವುದು, ಎಲ್ಸ್‌ನಲ್ಲಿ ಫಾಲ್ಸ್ ಇಡುವುದು ಬೇಕಾಗುವುದೇ ಇಲ್ಲ.

ಆದರೆ ಇಲ್ಲಿ ಸ್ವಲ್ಪ ನಿಲ್ಲಿ. ಬೂಲಿಯನ್‌ಗೆ ಇರುವುದು ಎರಡೇ ವ್ಯಾಲ್ಯೂ. ಮನುಷ್ಯರ ಉತ್ತರ ಎರಡಕ್ಕೆ ನಿಲ್ಲುವುದಿಲ್ಲ. ಹಾಲು ತಂದವರು ‘ಹೂಂ’ ಅನ್ನಬಹುದು, ‘ಹೌದು’ ಬರೆದು ಕೊನೆಗೆ ಒಂದು ಸ್ಪೇಸ್ ಬಿಡಬಹುದು. ಮೇಲಿನ ಸಾಲಿನಲ್ಲಿ ಆ ಎರಡೂ ‘ಹೌದು’ಗೆ ಸಮವಲ್ಲ, ಹಾಗಾಗಿ ಫಾಲ್ಸ್, ಹಾಗಾಗಿ ಒಡೆದ ಹಾಲು ಕ್ಯಾನ್‌ಗೆ ಹೋಗುತ್ತದೆ. ಕ್ಯಾನ್‌ನಲ್ಲಿದ್ದ ಉಳಿದವರ ಹಾಲೂ ಕೆಡುತ್ತದೆ. ಅದರ ಬದಲು

ಒಡೆದಿದೆ = ಉತ್ತರ.ಸ್ಟ್ರಿಪ್() != "ಇಲ್ಲ"

ಎಂದು ಬರೆದರೆ (ಸ್ಟ್ರಿಪ್ ಎಂಬುದು ಹಿಂದೆ ಮುಂದೆ ಉಳಿದ ಸ್ಪೇಸ್ ತೆಗೆಯುತ್ತದೆ), ಖಚಿತವಾಗಿ ‘ಇಲ್ಲ’ ಎಂದವರ ಹಾಲು ಮಾತ್ರ ಒಳಗೆ. ಅರ್ಥವಾಗದ ಉತ್ತರವೆಲ್ಲ ‘ಬೇಡ’ದ ಕಡೆಗೆ ಬೀಳುತ್ತದೆ. ಸರಿಯಾದ ಉತ್ತರ ಬರುವ ತನಕ ಮತ್ತೆ ಕೇಳುವುದು ಇನ್ನೂ ಉತ್ತಮ. ವೈಲ್ ಲೂಪ್ ಕಲಿತ ಮೇಲೆ ಹಾಗೆ ಮಾಡಿ. ಆದರೆ ಯಾವ ಕಂಡಿಷನ್ ಬರೆದರೂ, ನಾನು ಯೋಚಿಸದೇ ಇದ್ದದ್ದು ಬಂದರೆ ಅದು ಯಾವ ಕಡೆಗೆ ಬೀಳಬೇಕು ಎಂದು ಕೇಳಿಕೊಳ್ಳುವುದನ್ನು ಈಗಲೇ ರೂಢಿ ಮಾಡಿಕೊಳ್ಳಿ. ಪಠ್ಯಪುಸ್ತಕಗಳು ಇದನ್ನು ಹೇಳುವುದು ಕಡಿಮೆ.

ಹೊತ್ತಿನ ವಿಷಯದಲ್ಲೂ ಅಂಥದೇ ತೊಡಕು. ಒಬ್ಬರು ‘ಬೆಳಿಗ್ಗೆ’ ಬರೆಯುತ್ತಾರೆ, ಇನ್ನೊಬ್ಬರು ‘ಬೆಳಗ್ಗೆ’ ಬರೆಯುತ್ತಾರೆ. ನಮಗೆ ಎರಡೂ ಒಂದೇ, == ಗೆ ಒಂದೇ ಅಲ್ಲ. ಒಂದು ಅಕ್ಷರ ಬೇರೆಯಾದರೆ ಫಾಲ್ಸ್. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ, ಯೂನಿಕೋಡ್ ಅಲ್ಲದ ಪಠ್ಯವನ್ನು ತಂದು ಅಂಟಿಸಿದರಂತೂ ಕಣ್ಣಿಗೆ ಅದೇ ಪದ, ಒಳಗೆ ಪೂರ್ತಿ ಬೇರೆ ಅಕ್ಷರಗಳು. ಬಳಸುವವರಿಂದ ಪದ ಕೇಳುವುದಕ್ಕಿಂತ ‘1 ಒತ್ತಿದರೆ ಬೆಳಿಗ್ಗೆ, 2 ಒತ್ತಿದರೆ ಸಂಜೆ’ ಎಂದು ಕೇಳುವುದು ನೆಮ್ಮದಿ. ಪದವೇ ಬೇಕೆಂದರೆ ಕಂಡಿಷನ್ ಹೀಗಿರಲಿ:

ಹೊತ್ತು_ಸರಿ = ಹೊತ್ತು ಇನ್ ("ಬೆಳಿಗ್ಗೆ", "ಬೆಳಗ್ಗೆ", "ಸಂಜೆ")

ಹೊತ್ತು == "ಬೆಳಿಗ್ಗೆ" ಆರ್ ಹೊತ್ತು == "ಸಂಜೆ" ಎಂದು ಬಿಡಿಸಿ ಬರೆದರೂ ಸರಿಯೇ.

ಮೂರನೆಯ ತಪ್ಪು ಬೇರೆ ಜಾತಿಯದು. ಫ್ಯಾಟ್ 4.1, ಎಸ್‌ಎನ್‌ಎಫ್ 8.6 ಇದ್ದ ಹಾಲಿಗೆ ‘ಪೂರ್ತಿ ದರ’ವೂ ‘ಕಡಿಮೆ ದರ’ವೂ ಬಂದದ್ದು ಏಕೆಂದರೆ ನಿಮ್ಮ ಮೂರು ಇಫ್‌ಗಳಿಗೆ ಪರಸ್ಪರ ಪರಿಚಯವೇ ಇಲ್ಲ. ಒಂದಾದ ಮೇಲೊಂದು, ಪ್ರತಿಯೊಂದೂ ತನ್ನ ಪ್ರಶ್ನೆ ಕೇಳುತ್ತದೆ. 4.1 ಎಂಬುದು 3.0ಕ್ಕಿಂತಲೂ ಹೆಚ್ಚೇ ಅಲ್ಲವೇ. ಕೊನೆಯ ಎಲ್ಸ್ ಮೂರನೆಯ ಇಫ್‌ಗೆ ಮಾತ್ರ ಸೇರಿದ್ದು, ಮೇಲಿನ ಎರಡರ ಸುದ್ದಿ ಅದಕ್ಕೆ ಗೊತ್ತಿಲ್ಲ. ಹಲವು ದಾರಿಗಳಲ್ಲಿ ಒಂದನ್ನೇ ಹಿಡಿಯಬೇಕು ಎಂದಿದ್ದರೆ ಎಲಿಫ್ ಬೇಕು. ಎಲಿಫ್ ಸರಣಿಯಲ್ಲಿ ಮೇಲಿನಿಂದ ಕೆಳಗೆ ಮೊದಲು ಟ್ರೂ ಸಿಕ್ಕ ಕಡೆ ಹೊಕ್ಕು, ಉಳಿದದ್ದನ್ನು ನೋಡದೆ ಹೊರಬರುತ್ತದೆ. ಹಾಗಾಗಿ ಕ್ರಮ ಮುಖ್ಯ. ‘ಕಡಿಮೆ ದರ’ದ ಸಾಲನ್ನು ಮೇಲೆ ಇಟ್ಟರೆ ಇಡೀ ಊರಿಗೆ ಕಡಿಮೆ ದರವೇ ಸಿಗುತ್ತದೆ, ಮರುದಿನ ಡೈರಿ ಮುಂದೆ ಗಲಾಟೆ ಖಂಡಿತ. ಬಿಗಿಯಾದ ಕಂಡಿಷನ್ ಮೇಲೆ, ಸಡಿಲವಾದದ್ದು ಕೆಳಗೆ.

ಎಲ್ಲ ಸೇರಿಸಿದರೆ (3.5, 8.5, 3.0 ಎಂಬ ಅಂಕಿಗಳನ್ನು ನೀವು ಇಟ್ಟಂತೆಯೇ ಬಿಟ್ಟಿದ್ದೇನೆ):

ಹೊತ್ತು_ಸರಿ = ಹೊತ್ತು ಇನ್ ("ಬೆಳಿಗ್ಗೆ", "ಬೆಳಗ್ಗೆ", "ಸಂಜೆ")
ಒಡೆದಿದೆ = ಉತ್ತರ.ಸ್ಟ್ರಿಪ್() != "ಇಲ್ಲ"
ಪೂರ್ತಿ_ದರ_ಇದೆ = ಫ್ಯಾಟ್ >= 3.5 ಆ್ಯಂಡ್ ಘನಾಂಶ >= 8.5
ಕಡಿಮೆ_ದರ_ಇದೆ = ಫ್ಯಾಟ್ >= 3.0

ಇಫ್ ನಾಟ್ ಹೊತ್ತು_ಸರಿ:
    ಪ್ರಿಂಟ್("ಹೊತ್ತು ಸರಿಯಾಗಿ ಕೊಡಿ")
ಎಲಿಫ್ ಒಡೆದಿದೆ:
    ಪ್ರಿಂಟ್("ಬೇಡ")
ಎಲಿಫ್ ಪೂರ್ತಿ_ದರ_ಇದೆ:
    ಪ್ರಿಂಟ್("ಪೂರ್ತಿ ದರ")
ಎಲಿಫ್ ಕಡಿಮೆ_ದರ_ಇದೆ:
    ಪ್ರಿಂಟ್("ಕಡಿಮೆ ದರ")
ಎಲ್ಸ್:
    ಪ್ರಿಂಟ್("ಬೇಡ")

ನಿರ್ಧಾರವೆಲ್ಲ ಮೇಲಿನ ನಾಲ್ಕು ಸಾಲಿನಲ್ಲಿ ಆಗಿಹೋಯಿತು. ಕೆಳಗಿನ ಇಫ್ ಸರಣಿಯನ್ನು ಪ್ರೋಗ್ರಾಮಿಂಗ್ ಗೊತ್ತಿಲ್ಲದ ನಿಮ್ಮ ಅಮ್ಮನೂ ಓದಿ ತಪ್ಪು ಹಿಡಿಯಬಹುದು.

ನಿಮ್ಮ ಮೇಡಂ ಹೇಳಿದ್ದಕ್ಕೂ ಇಲ್ಲೇ ಉತ್ತರ ಇದೆ. ‘ಒಡೆದಿದೆ’ ಎಂಬುದೇ ಟ್ರೂ ಅಥವಾ ಫಾಲ್ಸ್. ಅದನ್ನು ಮತ್ತೆ ಟ್ರೂ ಜೊತೆ ಹೋಲಿಸಿದರೆ ಬರುವುದು ಅದೇ ಟ್ರೂ, ಅದೇ ಫಾಲ್ಸ್. ಬರೀ ದಂಡ ಎಂದು ಬಿಡಬಹುದಿತ್ತು, ಆದರೆ ಕೆಲವೊಮ್ಮೆ ಕೆಡಿಸುತ್ತದೆ ಕೂಡ: ಆರ್‌ನಿಂದ "ಸಂಜೆ" ಎಂಬ ವ್ಯಾಲ್ಯೂ ಬಂದಿದ್ದರೆ ಇಫ್ ಅದನ್ನು ಒಳಗೆ ಬಿಡುತ್ತದೆ, "ಸಂಜೆ" == ಟ್ರೂ ಎಂದು ಕೇಳಿದರೆ ಮಾತ್ರ ಫಾಲ್ಸ್. ಮೇಡಂ ಮಾತು ಕೇಳಿ.

ಹೆಸರಿಡುವಾಗ ‘ಹೌದು, ಇಲ್ಲ’ ಎಂದು ಉತ್ತರಿಸಬಹುದಾದ ಹೆಸರನ್ನೇ ಇಡಿ. ‘ಒಡೆದಿದೆ’ ಒಳ್ಳೆಯ ಹೆಸರು. ‘ಸ್ಥಿತಿ’ ಎಂದಿದ್ದರೆ ಟ್ರೂ ಅಂದರೆ ಏನು ಎಂದು ಒಂದು ತಿಂಗಳ ಮೇಲೆ ನಿಮಗೇ ತಿಳಿಯುವುದಿಲ್ಲ. ಒಂದು ಬೂಲಿಯನ್‌ಗೆ ಎರಡು ಕೆಲಸ ಹೊರಿಸಬೇಡಿ. ಹಾಸನದವರಿಗೆ ಇದನ್ನು ಹೇಳುವುದು ಸುಲಭ. ಹಾಸನಾಂಬೆಯ ಗುಡಿಯ ಬಾಗಿಲು ವರ್ಷಕ್ಕೊಮ್ಮೆ, ಆಶ್ವಯುಜದ ಹುಣ್ಣಿಮೆ ಕಳೆದು ಬರುವ ಮೊದಲ ಗುರುವಾರ ತೆರೆಯುತ್ತದೆ, ದೀಪಾವಳಿ ಮುಗಿಯುವ ಹೊತ್ತಿಗೆ ಮುಚ್ಚುತ್ತದೆ. ಆದರೆ ಬಾಗಿಲು ತೆರೆಯುವ ದಿನ, ಮುಚ್ಚುವ ದಿನ ಸಾರ್ವಜನಿಕರಿಗೆ ದರ್ಶನವಿಲ್ಲ. ‘ಬಾಗಿಲು_ತೆರೆದಿದೆ’ ಟ್ರೂ ಇರುವಾಗಲೇ ‘ದರ್ಶನ_ಇದೆ’ ಫಾಲ್ಸ್ ಇರಬಹುದು. ಎರಡನ್ನೂ ಒಂದೇ ಹೆಸರಿನಲ್ಲಿ ತುರುಕಿ ಆ್ಯಪ್ ಮಾಡಿದರೆ ಮೊದಲ ದಿನವೇ ದೂರದ ಊರಿನವರು ಬಂದು ಬೈದು ಹೋಗುತ್ತಾರೆ.

ನೀವು ಕೇಳಿಲ್ಲ, ಆದರೆ ಈ ಪ್ರೋಗ್ರಾಂ ಬೆಳೆಸಲು ಹೊರಟರೆ ಎಡವುವ ಜಾಗ ಒಂದಿದೆ: ‘ಅಲ್ಲ’ದ ಲೆಕ್ಕ. ಪೂರ್ತಿ ದರ ಸಿಗದ ಹಾಲುಗಳನ್ನು ಮಾತ್ರ ಪಟ್ಟಿ ಮಾಡಬೇಕು ಅನ್ನಿ. ಮೊದಲ ವರ್ಷದ ಹತ್ತಾರು ಮಕ್ಕಳು ಫ್ಯಾಟ್ < 3.5 ಆ್ಯಂಡ್ ಘನಾಂಶ < 8.5 ಎಂದು ಬರೆಯುವುದನ್ನು ನೋಡಿದ್ದೇನೆ. ಫ್ಯಾಟ್ 4.2 ಇದ್ದು ಎಸ್‌ಎನ್‌ಎಫ್ 7.9 ಇರುವ ಹಾಲು ಇದರಿಂದ ನುಣುಚಿಕೊಳ್ಳುತ್ತದೆ: ಪೂರ್ತಿ ದರವೂ ಇಲ್ಲ, ಪಟ್ಟಿಯಲ್ಲೂ ಇಲ್ಲ. ನಾಟ್ ಅನ್ನು ಆವರಣದೊಳಗೆ ತಂದಾಗ ಆ್ಯಂಡ್ ಇದ್ದದ್ದು ಆರ್ ಆಗಲೇಬೇಕು: ಫ್ಯಾಟ್ < 3.5 ಆರ್ ಘನಾಂಶ < 8.5. ಎರಡರಲ್ಲಿ ಒಂದು ಕೆಟ್ಟರೂ ಸಾಕು, ಪೂರ್ತಿ ದರ ತಪ್ಪಿತು. ಇದಕ್ಕೆ ಡಿ ಮಾರ್ಗನ್ ನಿಯಮ ಎನ್ನುತ್ತಾರೆ. ಆಗಸ್ಟಸ್ ಡಿ ಮಾರ್ಗನ್ ಇಂಗ್ಲೆಂಡಿನ ಗಣಿತಜ್ಞ, ಆದರೆ ಹುಟ್ಟಿದ್ದು 1806ರಲ್ಲಿ ನಮ್ಮ ಮಧುರೈಯಲ್ಲಿ. ಬೂಲಿಯನ್ ಎಂಬ ಹೆಸರಿಗೆ ಕಾರಣನಾದ ಜಾರ್ಜ್ ಬೂಲ್ (1815–1864) ಅವನ ಸಮಕಾಲೀನ. ತರ್ಕವನ್ನೂ ಬೀಜಗಣಿತದ ಹಾಗೆ ಚಿಹ್ನೆಗಳಲ್ಲಿ ಬರೆದು ಲೆಕ್ಕ ಮಾಡಬಹುದು ಎಂದು 1847ರಲ್ಲಿ ತೋರಿಸಿದವನು ಅವನು. ಆ ಬೀಜಗಣಿತಕ್ಕೂ ವಿದ್ಯುತ್ ಸ್ವಿಚ್ಚುಗಳಿಗೂ ಗಂಟು ಹಾಕಿದ್ದು 1937ರಲ್ಲಿ, ಕ್ಲಾಡ್ ಶಾನನ್ ಎಂಬ ಇಪ್ಪತ್ತೊಂದರ ಹುಡುಗ, ತನ್ನ ಸ್ನಾತಕೋತ್ತರ ಪ್ರಬಂಧದಲ್ಲಿ. ನಿಮ್ಮ ಡಿಜಿಟಲ್ ಲ್ಯಾಬಿನ ಗೇಟುಗಳು ಅಲ್ಲಿಂದ ಬಂದವು.

ಆ್ಯಂಡ್, ಆರ್, ನಾಟ್ ಮೂರೂ ಒಂದೇ ಸಾಲಿನಲ್ಲಿದ್ದರೆ ನಾಟ್ ಮೊದಲು, ಆಮೇಲೆ ಆ್ಯಂಡ್, ಕೊನೆಗೆ ಆರ್. ಇದನ್ನು ಬಾಯಿಪಾಠ ಮಾಡುವ ಬದಲು ಆವರಣ ಹಾಕಿಬಿಡಿ.

ಡೈರಿಯ ಮೆಷಿನ್ ಕೆಟ್ಟು ಫ್ಯಾಟ್ ಅಳೆಯಲಾಗದ ದಿನವೂ ಬರುತ್ತದೆ. ಆಗ ಫ್ಯಾಟ್‌ಗೆ 0 ಕೊಡಬೇಡಿ, ನನ್ ಕೊಡಿ. ಅಳೆದಾಗ ಸೊನ್ನೆ ಬಂದದ್ದು ಬೇರೆ, ಅಳೆಯದೇ ಇದ್ದದ್ದು ಬೇರೆ. ಆದರೆ ಇಫ್ ನಾಟ್ ಫ್ಯಾಟ್ ಎಂದು ಕೇಳಿದರೆ ಎರಡೂ ಒಂದೇ ಗುಂಪಿಗೆ ಬೀಳುತ್ತವೆ. ಇಫ್ ಫ್ಯಾಟ್ ಈಸ್ ನನ್ ಎಂದೇ ಕೇಳಿ. ನನ್ ಅನ್ನು 3.5ರ ಜೊತೆ ಹೋಲಿಸಿದರೆ ಪೈಥಾನ್ ಎರರ್ ಕೊಡುತ್ತದೆ, ಹಾಗಾಗಿ

ಪೂರ್ತಿ_ದರ_ಇದೆ = ಫ್ಯಾಟ್ ಈಸ್ ನಾಟ್ ನನ್ ಆ್ಯಂಡ್ ಫ್ಯಾಟ್ >= 3.5 ಆ್ಯಂಡ್ ಘನಾಂಶ >= 8.5

ಎಂದು ಮೊದಲು ಇದೆಯೋ ಇಲ್ಲವೋ ಕೇಳಿ, ಆಮೇಲೆ ಅಳತೆ ಕೇಳಿ. ಎಡಗಡೆ ಫಾಲ್ಸ್ ಆದ ಕೂಡಲೇ ಆ್ಯಂಡ್ ಬಲಗಡೆಗೆ ಹೋಗುವುದೇ ಇಲ್ಲ. ತಿರುಗುಮುರುಗು ಬರೆದರೆ ಆ ರಕ್ಷಣೆ ಇಲ್ಲ. ಕಡಿಮೆ ದರದ ಸಾಲಿಗೂ ಇದೇ ಕಾವಲು ಹಾಕಿ.

ಪರೀಕ್ಷೆ ಮಾಡುವಾಗ 4.1ರಂಥ ಆರಾಮದ ಸಂಖ್ಯೆ ಕೊಟ್ಟು ಖುಷಿಪಡಬೇಡಿ, ಗಡಿಯಲ್ಲಿ ನಿಂತು ನೋಡಿ: 3.4, 3.5, 3.6. > ಬರೆಯಬೇಕೋ >= ಬರೆಯಬೇಕೋ ಎಂಬುದು 3.5ರಲ್ಲಿ ಮಾತ್ರ ಬಯಲಾಗುತ್ತದೆ. ಫ್ಯಾಟ್ ಅನ್ನು ನೇರವಾಗಿ ಓದುವ ಬದಲು ಕೂಡಿ, ಸರಾಸರಿ ಮಾಡಿ ಪಡೆಯುವುದಾದರೆ ಇನ್ನೊಂದು ಎಚ್ಚರ: ಪೈಥಾನ್‌ನಲ್ಲಿ 1.1 + 2.2 == 3.3 ಎಂದರೆ ಫಾಲ್ಸ್. ದಶಮಾಂಶಗಳನ್ನು ಕಂಪ್ಯೂಟರ್ ಎರಡರ ಲೆಕ್ಕದಲ್ಲಿ ಇಡುವುದರಿಂದ ಕೊನೆಯಲ್ಲಿ ಒಂದು ಕೂದಲೆಳೆ ಹೆಚ್ಚಾಗುತ್ತದೆ. 3.5 ಅನ್ನು 35 ಎಂದು ಪೂರ್ಣಾಂಕದಲ್ಲಿ ಇಟ್ಟುಕೊಂಡರೆ ಈ ತಲೆನೋವಿಲ್ಲ.

ಒಂದು ಉಪಯೋಗದ ಸಂಗತಿ. ಪೈಥಾನ್‌ನಲ್ಲಿ ಬೂಲ್ ಎಂಬುದು ಪೂರ್ಣಾಂಕದ್ದೇ ಒಂದು ಬಗೆ. 2003ರಲ್ಲಿ ಬಂದ 2.3ನೇ ಆವೃತ್ತಿಯಲ್ಲಿ ಅದನ್ನು ಸೇರಿಸುವಾಗ, ಅದುವರೆಗೆ 1 ಮತ್ತು 0 ಬಳಸಿ ಬರೆದಿದ್ದ ಪ್ರೋಗ್ರಾಂಗಳು ಕೆಡಬಾರದೆಂದು ಹಾಗೆ ಮಾಡಿದರು. ಆದ್ದರಿಂದ ಟ್ರೂ + ಟ್ರೂ ಎಂದರೆ 2. ಊರಿನವರ ಹಾಲಿನ ಫಲಿತಾಂಶವೆಲ್ಲ ಟ್ರೂ, ಫಾಲ್ಸ್‌ಗಳ ಒಂದು ಲಿಸ್ಟ್‌ನಲ್ಲಿದ್ದರೆ, ಸಮ್ ಹಾಕಿದರೆ ಸಾಕು, ಎಷ್ಟು ಮನೆಯ ಹಾಲಿಗೆ ಪೂರ್ತಿ ದರ ಸಿಕ್ಕಿತು ಎಂದು ಗೊತ್ತಾಗುತ್ತದೆ.

ಸಿ ಲ್ಯಾಬ್ ಕೂಡ ಇದ್ದರೆ ಎರಡು ಅಭ್ಯಾಸಗಳನ್ನು ಪೈಥಾನ್‌ನಲ್ಲೇ ಬಿಟ್ಟು ಹೋಗಿ. ಪೈಥಾನ್‌ನಲ್ಲಿ 3.0 <= ಫ್ಯಾಟ್ < 3.5 ಎಂದು ಗಣಿತದಂತೆ ಬರೆಯಬಹುದು. ಸಿಯಲ್ಲೂ ಅದು ಕಂಪೈಲ್ ಆಗುತ್ತದೆ, ಆದರೆ ಮೊದಲ ಹೋಲಿಕೆಯಿಂದ ಬಂದ 0 ಅಥವಾ 1 ಅನ್ನು 3.5ರ ಜೊತೆ ಹೋಲಿಸುತ್ತದೆ, ಹಾಗಾಗಿ ಯಾವ ಹಾಲು ಕೊಟ್ಟರೂ ನಿಜವೇ. ಇನ್ನು ಇಫ್ ಒಳಗೆ == ಬದಲು = ಬಿದ್ದರೆ ಪೈಥಾನ್ ಸಿಂಟ್ಯಾಕ್ಸ್ ಎರರ್ ಕೊಟ್ಟು ತಡೆಯುತ್ತದೆ; ಸಿ ತಡೆಯುವುದಿಲ್ಲ, ವೇರಿಯಬಲ್‌ಗೆ ಹೊಸ ವ್ಯಾಲ್ಯೂ ಇಟ್ಟು ಮುಂದೆ ಹೋಗುತ್ತದೆ. ಜಿಸಿಸಿ ಎಂಬ ಕಂಪೈಲರ್ ಬಳಸುವುದಾದರೆ ಕಂಪೈಲ್ ಮಾಡುವಾಗ ‘-ವಾಲ್’ ಆಯ್ಕೆ ಸೇರಿಸಿ (ಡಬ್ಲ್ಯೂ ದೊಡ್ಡಕ್ಷರ, ಉಳಿದವು ಸಣ್ಣಕ್ಷರ). ಈ ಎರಡಕ್ಕೂ ಅದು ವಾರ್ನಿಂಗ್ ಕೊಡುತ್ತದೆ.